ಬ್ರೇಕರ್ ಜಡವಾಗಿದೆಯಾ? ಮೊದಲ ಟ್ರಿಪ್ಪನ್ನೇ ಹಿಡಿಯಿರಿ

ಸಬ್‌ಸ್ಟೇಷನ್ನಿನಲ್ಲಿ ಫಾಲ್ಟ್ ಬಂದಾಗ ಕರೆಂಟ್ ಕಡಿಯುವ ದೊಡ್ಡ ಸ್ವಿಚ್ಚು, ಅಂದರೆ ಬ್ರೇಕರ್, ಕೈಕೊಟ್ಟರೆ ಎಲ್ಲರೂ ಮೊದಲು ಗ್ಯಾಸ್ ಪ್ರೆಶರ್ ನೋಡುತ್ತಾರೆ. ತಂಟೆ ಮಾತ್ರ ಬಹಳ ಸಲ ಸ್ಪ್ರಿಂಗು, ಲ್ಯಾಚು, ಲಿವರ್‌ಗಳಿರುವ ಮೆಕ್ಯಾನಿಸಂ ಪೆಟ್ಟಿಗೆಯಲ್ಲಿರುತ್ತದೆ. 2004ರಿಂದ 2007ರವರೆಗೆ ವಿದ್ಯುತ್ ಜಾಲದ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಸಿಗ್ರೆ ಹಲವು ದೇಶಗಳ ಎಸ್‌ಎಫ್6 ಅನಿಲ ತುಂಬಿದ ಬ್ರೇಕರ್‌ಗಳ ಲೆಕ್ಕ ತೆಗೆದಾಗ, ದೊಡ್ಡ ವೈಫಲ್ಯಗಳಲ್ಲಿ ಹೆಚ್ಚುಕಮ್ಮಿ ಅರ್ಧ ಇಲ್ಲಿಯದೇ ಆಗಿದ್ದವು.

ಬ್ರೇಕರ್ ಜಡವಾಗುವುದು ದುಡಿದು ಅಲ್ಲ, ಸುಮ್ನೆ ನಿಂತು. ತಿಂಗಳುಗಟ್ಟಲೆ ಕ್ಲೋಸ್ ಆಗಿಯೇ ಇರುತ್ತದೆ, ಒಳಗೆ ಗ್ರೀಸ್ ಆರಿದ ಬೆಲ್ಲದ ಪಾಕದ ಹಾಗೆ ಬಿಗಿಯುತ್ತದೆ. 220 ಕೆವಿ ಬ್ರೇಕರ್ ಎರಡು ಮೂರು ಸೈಕಲ್‌ನಲ್ಲಿ, ಅಂದರೆ 40–60 ಮಿಲಿಸೆಕೆಂಡಿನಲ್ಲಿ ಫಾಲ್ಟ್ ಕಡಿಯಬೇಕು. ಲ್ಯಾಚ್ ಹೊರಳದೇ ಹೋದರೆ, ಅದನ್ನು ಕಾಯುವ ಬ್ರೇಕರ್ ಫೇಲ್ಯೂರ್ ರಿಲೇ ಸ್ವಲ್ಪ ಕಾದು ಅದೇ ಬಸ್‌ನ (ಎಲ್ಲಾ ಲೈನುಗಳು ಸೇರುವ ವಾಹಕದ) ಉಳಿದ ಬ್ರೇಕರ್‌ಗಳನ್ನೆಲ್ಲಾ ಬೀಳಿಸುತ್ತದೆ.

ಪರೀಕ್ಷೆಯಲ್ಲಿ ಎಡವುವುದು ಎಲ್ಲಿ ಗೊತ್ತಾ? ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಂಡು, ನಾಲ್ಕಾರು ಸಲ ಆನ್ ಆಫ್ ಮಾಡಿ, ಆಮೇಲೆ ಬ್ರೇಕರಿನ ವೇಳೆ ಅಳೆಯುವ ಟೈಮಿಂಗ್ ಕಿಟ್ ಹಾಕುತ್ತಾರೆ. ಅಷ್ಟರಲ್ಲಿ ಗ್ರೀಸ್ ಸಡಿಲವಾಗಿ ರೋಗವೇ ಮರೆಯಾಗಿರುತ್ತದೆ. ಆದ್ದರಿಂದ ಶಟ್‌ಡೌನ್‌ಗೆ ಬ್ರೇಕರ್ ಓಪನ್ ಮಾಡುವ ಮೊದಲೇ ರಿಲೇ ಪ್ಯಾನಲ್ ಕಡೆ ಟ್ರಿಪ್ ಕಾಯಿಲ್ (ಲ್ಯಾಚ್ ಬಿಡಿಸಿ ಬ್ರೇಕರ್ ತೆರೆಯುವ, ಅಂದರೆ ಟ್ರಿಪ್ ಮಾಡುವ ಸುರುಳಿ) ವೈರಿಗೆ ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಹಾಕಿ ರೆಕಾರ್ಡರ್ ಜೋಡಿಸಿ. ಟ್ರಿಪ್ ಕಾಯಿಲ್ ಎರಡಿರುತ್ತವೆ, ಯಾವುದಕ್ಕೆ ಹಾಕಿದಿರಿ ಅಂತ ಬರೆದಿಡಿ.

ರೆಕಾರ್ಡರ್ ಬರೆದ ಗೆರೆ ಓದುವುದು ಕಷ್ಟವೇನಲ್ಲ. ಕರೆಂಟ್ ಏರುತ್ತದೆ, ಕಾಯಿಲ್ ಒಳಗಿನ ಕಡ್ಡಿ, ಅಂದರೆ ಪ್ಲಂಜರ್, ಚಲಿಸಿದಾಗ ಒಂದು ತಗ್ಗು ಬೀಳುತ್ತದೆ, ಮತ್ತೆ ಏರಿ, ಬ್ರೇಕರ್ ಜತೆಗೇ ತಿರುಗುವ ಆಕ್ಸಿಲಿಯರಿ ಕಾಂಟ್ಯಾಕ್ಟ್ ತೆರೆದಾಗ ಸೊನ್ನೆಗಿಳಿಯುತ್ತದೆ. ತಗ್ಗು ತಡವಾಗಿ ಬಂದರೆ ಪ್ಲಂಜರ್ ಅಥವಾ ಲ್ಯಾಚ್ ಕಚ್ಚುತ್ತಿದೆ. ತಗ್ಗು ಸರಿಯಿದ್ದು ಕೊನೆಯ ಇಳಿತ ತಡವಾದರೆ ಮುಂದಿನ ಲಿಂಕೇಜು, ಬೇರಿಂಗು ನೋಡಿ. ಕಮಿಷನಿಂಗ್ ಸಮಯದ, ಅಂದರೆ ಬ್ರೇಕರ್ ಹೊಸದಾಗಿ ಚಾಲೂ ಮಾಡಿದಾಗಿನ ಗೆರೆ ಪಕ್ಕದಲ್ಲಿಟ್ಟುಕೊಂಡರೆ ವಾದವೇ ಇರುವುದಿಲ್ಲ.

ಇನ್ನು ಪೆಟ್ಟಿಗೆಗೆ ಕೈ ಹಾಕುವ ಮಾತು. ಐಸೊಲೇಟರ್ ತೆರೆದು ಅರ್ಥ್ ಮಾಡಿದ ಮಾತ್ರಕ್ಕೆ ಸಾಲದು, ಯಾಕೆಂದರೆ ಕರೆಂಟ್ ಹೋದರೂ ಸ್ಪ್ರಿಂಗ್‌ನಲ್ಲಿ ಬೆರಳು ಕತ್ತರಿಸುವಷ್ಟು ಶಕ್ತಿ ಕೂತಿರುತ್ತದೆ. ಸ್ಪ್ರಿಂಗ್ ಬಿಗಿಯುವ ಮೋಟಾರಿನ ಎಂಸಿಬಿ ಆಫ್ ಮಾಡಿ, ಬ್ರೇಕರ್ ಒಮ್ಮೆ ಕ್ಲೋಸ್ ಮಾಡಿ, ಮತ್ತೆ ಓಪನ್ ಮಾಡಿ. ಕ್ಲೋಸ್ ಮಾಡುವ, ಓಪನ್ ಮಾಡುವ ಎರಡೂ ಸ್ಪ್ರಿಂಗ್ ಖಾಲಿಯಾಗಿದೆ ಅಂತ ಸೂಚಕದಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಕೆಲಸ.

ಮೊದಲು ಪೆಟ್ಟಿಗೆಯೊಳಗಿನ ಹೀಟರ್ ಬಿಸಿಯಾಗುತ್ತಿತ್ತಾ ನೋಡಿ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಅದು ಸತ್ತರೆ ಒಳಗೆಲ್ಲಾ ಬೆವರಿ ತುಕ್ಕು ಹಿಡಿಯುತ್ತದೆ. ಹೊಡೆತ ತಡೆಯುವ ಡ್ಯಾಂಪರ್‌ನಿಂದ ಎಣ್ಣೆ ಸೋರಿದ ಗುರುತು ಹುಡುಕಿ. ಆಮೇಲೆ ಹಳೇ ಗ್ರೀಸ್ ಪೂರ್ತಿ ಒರೆಸಿ, ತಯಾರಕರು ಹೇಳಿದ್ದನ್ನೇ ಹಾಕಿ. ಎರಡು ಬಗೆಯ ಗ್ರೀಸ್ ಬೆರೆಸಬೇಡಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಚಟ ಇದೆಯಲ್ಲಾ, ಅದು ಇನ್ನೂ ಕೆಟ್ಟದ್ದು: ಇವತ್ತು ಲಿವರ್ ಜಾರುತ್ತದೆ, ಜತೆಗೆ ಇದ್ದ ಗ್ರೀಸೂ ತೊಳೆದು ಹೋಗುತ್ತದೆ.

ಕೊನೆಗೆ ಟೈಮಿಂಗ್. ಮೂರು ಪೋಲ್‌ಗಳ (ಒಂದೊಂದು ಫೇಸ್‌ಗೆ ಒಂದೊಂದು) ನಡುವಿನ ವೇಳೆಯ ವ್ಯತ್ಯಾಸ ಓಪನ್‌ನಲ್ಲಿ 3.33, ಕ್ಲೋಸ್‌ನಲ್ಲಿ 5 ಮಿಲಿಸೆಕೆಂಡ್ ದಾಟಬಾರದು. ಅಂಕಿ ಚೆನ್ನಾಗಿ ಬಂತು ಅಂತ ಮೊದಲ ಟ್ರಿಪ್ಪಿನ ಗೆರೆಯನ್ನು ಫೈಲಿಗೆ ಹಾಕಿ ಮರೆಯಬೇಡಿ. ಅಲ್ಲಿ ತಗ್ಗು ತಡವಾಗಿದ್ದರೆ ಲ್ಯಾಚ್ ಬಿಚ್ಚಿ ನೋಡದೆ ಲೈನ್ ಚಾರ್ಜ್ ಮಾಡಲು, ಅಂದರೆ ಮತ್ತೆ ಕರೆಂಟ್ ಬಿಡಲು, ಒಪ್ಪಬೇಡಿ.