ಎಮ್ಮೆ, ಒನಕೆ ಮತ್ತು ನನ್ನ ಮೊಬೈಲು

ಮೂಗಿನಲ್ಲಿ ಬೆರಳಾಡಿಸುವ ಅಭ್ಯಾಸದ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನ ಇಬ್ಬರು ವೈದ್ಯರು ಸಂಶೋಧನೆ ಮಾಡಿದ್ದಾರೆ. ನಾಲ್ಕು ಶಾಲೆಗಳ 200 ಮಕ್ಕಳನ್ನು ಕೇಳಿ ನೋಡಿ, ಹದಿಹರೆಯದವರಲ್ಲಿ ಇದು ತೀರಾ ಸಾಮಾನ್ಯ ಅಂತ ಬರೆದರು. 2001ರಲ್ಲಿ ಅದಕ್ಕೆ ಇಗ್ ನೊಬೆಲ್ ಅನ್ನುವ ತಮಾಷೆಯ ವಿಜ್ಞಾನ ಬಹುಮಾನ ಬಂತು. ಒಂಬತ್ತನೇ ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿ ಕೂತರು. ಒಂದಿಬ್ಬರ ಕೈ ಮೆಲ್ಲಗೆ ಕೆಳಗಿಳಿಯಿತು.

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪಾಠಕ್ಕೆ ಬೇಕಾಗುವ ಇಂಥ ಸಂಗತಿಗಳನ್ನು ಹೇಗೆ ಹುಡುಕುತ್ತೀರಿ ಅಂತ ಬೇರೆ ಶಾಲೆಯ ಗೆಳೆಯರು ಆಗಾಗ ಕೇಳುತ್ತಾರೆ. ಗುಟ್ಟೇನೂ ಇಲ್ಲ. ರಾತ್ರಿ ಊಟ ಆದ ಮೇಲೆ ಮೊಬೈಲು ಹಿಡಿದು ಕೂರುತ್ತೇನೆ. ಏನೇ ಸಿಕ್ಕರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ನಾಳೆ ನಮ್ಮೂರಲ್ಲಿ ಮಾಡಿ ನೋಡಬಹುದಾ? ಆಗಲ್ಲ ಅಂದರೆ ಎಷ್ಟೇ ಚಂದದ ವಿಡಿಯೋ ಆದರೂ ಮುಂದೆ ಹೋಗುತ್ತೇನೆ. ಕಪ್ಪುರಂಧ್ರದ ಬಣ್ಣಬಣ್ಣದ ಚಿತ್ರಗಳನ್ನು ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ ನಿಜ, ಆದರೆ ಗಂಟೆ ಹೊಡೆದ ಮೇಲೆ ಯಾರೂ ಪ್ರಶ್ನೆ ಕೇಳಲ್ಲ.

ಇಗ್ ನೊಬೆಲ್ ನನಗೆ ಇಷ್ಟವಾದ ಗಣಿ. 1991ರಿಂದ ಕೊಡುತ್ತಿದ್ದಾರೆ. ಮೊದಲು ನಗು ಬರಬೇಕು, ಆಮೇಲೆ ಯೋಚನೆ ಹತ್ತಬೇಕು, ಅಂಥ ಕೆಲಸಕ್ಕೆ ಮಾತ್ರ ಈ ಬಹುಮಾನ. ಅದರ ಜಾಲತಾಣದಲ್ಲಿ ವರ್ಷವಾರು ಪಟ್ಟಿ ಇದೆ, ಮೂಲ ಪ್ರಬಂಧದ ಹೆಸರೂ ಇರುತ್ತದೆ. ಆನೆಯ ಮೈಯ ಒಟ್ಟು ವಿಸ್ತೀರ್ಣ ಎಷ್ಟು ಅಂತ ಲೆಕ್ಕ ಹಾಕಿದ ಕೇರಳದ ಇಬ್ಬರಿಗೆ 2002ರಲ್ಲಿ ಗಣಿತದ ಇಗ್ ನೊಬೆಲ್ ಸಿಕ್ಕಿದೆ. ಕಪ್ಪೆಯನ್ನು ಅಯಸ್ಕಾಂತದ ಬಲದಿಂದ ಗಾಳಿಯಲ್ಲಿ ತೇಲಿಸಿದ ಆಂದ್ರೆ ಗೈಮ್‌ಗೆ 2000ದಲ್ಲಿ ಇಗ್ ನೊಬೆಲ್ ಬಂತು, 2010ರಲ್ಲಿ ಗ್ರಾಫೀನ್‌ಗಾಗಿ ನಿಜವಾದ ನೊಬೆಲ್ಲೇ ಬಂತು. ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಪದರ. ಪೆನ್ಸಿಲ್ಲಿನಲ್ಲಿರುವ ಗ್ರಾಫೈಟನ್ನು ಅಂಟುಟೇಪಿನಿಂದ ಪದರ ಪದರವಾಗಿ ಕಿತ್ತು ಗ್ರಾಫೀನ್ ಪಡೆದವರು ಅವರು. ಕಪ್ಪೆ ತೇಲಿಸುವುದು ನಮ್ಮಿಂದಾಗಲ್ಲ, ಟೇಪಿನಿಂದ ಪೆನ್ಸಿಲ್ ಪುಡಿ ಕೀಳುವುದಂತೂ ಆಗುತ್ತದಲ್ಲ!

ನಮ್ಮೂರಿಗೆ ಹೇಳಿ ಮಾಡಿಸಿದಂತಿದ್ದದ್ದು ಮಾತ್ರ 2015ರ ಭೌತಶಾಸ್ತ್ರದ ಇಗ್ ನೊಬೆಲ್. ಪ್ರಾಣಿಗಳು ಉಚ್ಚೆ ಹೊಯ್ಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಅನ್ನುವುದು ವಿಷಯ. ಮೂರು ಕಿಲೋಗಿಂತ ಜಾಸ್ತಿ ತೂಕದ ಸಸ್ತನಿಗಳು, ಆಡಿರಲಿ ಆನೆಯಿರಲಿ, ಸರಾಸರಿ 21 ಸೆಕೆಂಡಿನಲ್ಲಿ ಮುಗಿಸುತ್ತವಂತೆ. ಕೆಲವು ಹತ್ತು ಹನ್ನೆರಡು ಸೆಕೆಂಡು ಆಚೀಚೆ ಆಗಬಹುದು. ಆ ಸಂಶೋಧಕರು ಮೃಗಾಲಯದಲ್ಲಿ ನಿಂತು ವಿಡಿಯೋ ಮಾಡಿದ್ದಲ್ಲದೆ, ಜನ ಯೂಟ್ಯೂಬಿಗೆ ಹಾಕಿದ್ದ ವಿಡಿಯೋಗಳನ್ನೂ ಬಳಸಿದ್ದಾರೆ. ಅಂದರೆ ಅವರೂ ನನ್ನ ಹಾಗೆ ಮೊಬೈಲು ನೋಡುತ್ತ ಕೂತವರೇ ಅಂತ ನನಗೆ ಒಳಗೊಳಗೇ ಖುಷಿ.

ಇದನ್ನು ಓದಿ ಬಿಟ್ಟಿದ್ದರೆ ಒಂದು ತಮಾಷೆಯಾಗಿ ಮುಗಿಯುತ್ತಿತ್ತು. ನಮ್ಮ ಶಾಲೆಯಲ್ಲಿ ಮನೆಯಲ್ಲಿ ದನ ಇಲ್ಲದ ಮಕ್ಕಳೇ ಕಡಿಮೆ. ಅಪ್ಪನ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೊಟ್ಟಿಗೆಯಲ್ಲಿ ಕಾಯಿರಿ ಅಂದೆ. ಎಮ್ಮೆ, ಆಕಳು, ಎತ್ತು, ಆಡು, ಯಾವುದಾದರೂ ಸರಿ. ಶುರುವಾದ ಕ್ಷಣದಿಂದ ನಿಲ್ಲುವ ತನಕ. ಒಂದೇ ಸಲ ನೋಡಿ ಬಿಡಬಾರದು, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬರೆದುಕೊಳ್ಳಬೇಕು. "ಯಾಕಪ್ಪ ಎಮ್ಮಿ ಹಿಂದ ನಿಂತೀಯಿ?" ಅಂತ ಮನೆಯಲ್ಲಿ ಬೈಸಿಕೊಂಡವರೂ ಇದ್ದರು. ಅಂಕಿಗಳೆಲ್ಲ ಬಂದ ಮೇಲೆ ಹಲಗೆಯ ಮೇಲೆ ಬರೆದೆವು. ಹೆಚ್ಚಿನವು ಇಪ್ಪತ್ತರ ಆಸುಪಾಸಿನಲ್ಲೇ ಇದ್ದವು. ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: "ಸರ್, ಎಮ್ಮಿ ಆಡಿಗಿಂತ ಭಾಳ ಜೋರ್ ಹೊಯ್ತೈತ್ರೀ, ಆದ್ರ ಹೊತ್ತು ಅಷ್ಟ ಹಿಡಿತೈತಿ."

ಪ್ರಬಂಧದ ತಿರುಳೇ ಅದು. ದೊಡ್ಡ ಪ್ರಾಣಿಯ ಮೂತ್ರಕೋಶ ದೊಡ್ಡದು, ಜೊತೆಗೆ ಮೂತ್ರನಾಳವೂ ಉದ್ದ ಮತ್ತು ಅಗಲ. ನಾಳ ಉದ್ದ ಇದ್ದಷ್ಟೂ ಗುರುತ್ವದಿಂದ ಒತ್ತಡ ಜಾಸ್ತಿ, ಹರಿವು ಜೋರು. ಹೊಲಕ್ಕೆ ನೀರು ಬಿಡುವ ಪೈಪಿನ ವಿಷಯ ಗೊತ್ತಿರುವ ಮಕ್ಕಳಿಗೆ ಇದನ್ನು ವಿವರಿಸಲು ನನಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ದ್ರವದ ಒತ್ತಡದ ಪಾಠ ಆ ವರ್ಷ ಯಾರಿಗೂ ಮರೆಯಲಿಲ್ಲ ಬಿಡಿ.

ಹುಡುಕುವಾಗ ಇನ್ನೊಂದು ಕೆಲಸ ಕಡ್ಡಾಯವಾಗಿ ಮಾಡುತ್ತೇನೆ. ವಿಡಿಯೋದಲ್ಲಿ ಹೇಳಿದ ಮಾತಿನ ಮೂಲ ಎಲ್ಲಿದೆ ಅಂತ ನೋಡುತ್ತೇನೆ. ಪ್ರಬಂಧ ಪೂರ್ತಿ ಓದುವ ತಾಕತ್ತು ನನಗಿಲ್ಲ. ಮೊದಲ ಪುಟದ ಸಾರಾಂಶ ಮತ್ತು ಚಿತ್ರಗಳು ಸಾಕು. ಮೂಲವೇ ಇಲ್ಲದ್ದು, "ನಾಸಾ ಹೇಳಿದೆ" ಅಂತ ಮಾತ್ರ ಇರುವುದು, ನನ್ನ ಲೆಕ್ಕದಲ್ಲಿ ಕಸ. ಆದರೆ ಕಸವೂ ಪಾಠಕ್ಕೆ ಬರುತ್ತದೆ.

ಆಗಸ್ಟ್ ಬಂತೆಂದರೆ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ವಾ? ಇದರ ಬೇರು 2003ರ ಆಗಸ್ಟ್ 27ರಲ್ಲಿದೆ. ಅಂದು ಮಂಗಳ ನಮಗೆ ತೀರಾ ಹತ್ತಿರ ಬಂದಿತ್ತು. ಹತ್ತಿರ ಅಂದರೂ ಸುಮಾರು 5.6 ಕೋಟಿ ಕಿಲೋಮೀಟರ್. ಚಂದ್ರ ಇರುವುದು 3.84 ಲಕ್ಷ ಕಿಲೋಮೀಟರ್ ದೂರದಲ್ಲಿ. ಮಂಗಳದ ಅಡ್ಡಳತೆ ಚಂದ್ರನ ಎರಡು ಪಟ್ಟಿಗಿಂತ ತುಸು ಕಡಿಮೆ. ಇಷ್ಟು ಅಂಕಿ ಹಲಗೆಯ ಮೇಲೆ ಬರೆದು ಸುಮ್ನೆ ನಿಂತರೆ ಆಯ್ತು, ಮಕ್ಕಳೇ ಭಾಗಾಕಾರ ಮಾಡಿ ನಗುತ್ತಾರೆ.

ಗ್ರಹಣ ಬಂದಾಗ ಒನಕೆಯ ವಿಡಿಯೋಗಳ ಸರದಿ. ತಾಟಿನಲ್ಲಿ ನೀರು ಹಾಕಿ ಒನಕೆ ನಿಲ್ಲಿಸುತ್ತಾರೆ, ಗ್ರಹಣ ಬಿಟ್ಟ ಮೇಲೆ ಅದು ಬೀಳುತ್ತದೆ ಅನ್ನುತ್ತಾರೆ. 2022ರ ದೀಪಾವಳಿ ಗ್ರಹಣದ ಹೊತ್ತಿಗೆ ಇಂಥವು ಬಹಳ ಬಂದಿದ್ದವು. ನಾವು ಗ್ರಹಣ ಇಲ್ಲದ ಒಂದು ದಿನ ಪಕ್ಕದ ಮನೆಯ ಅಜ್ಜಿಯಿಂದ ಒನಕೆ ಇಸಿದುಕೊಂಡು ಬಂದೆವು. ತಳ ಸಪಾಟಾಗಿದ್ದ ಒನಕೆ ನೀರಿನಲ್ಲೂ ನಿಂತಿತು, ನೀರಿಲ್ಲದೆಯೂ ನಿಂತಿತು. ತಾಳ್ಮೆಯಿಂದ ನೆಟ್ಟಗೆ ಇಡಬೇಕು ಅಷ್ಟೇ. ಅಜ್ಜಿ ಒಪ್ಪಲಿಲ್ಲ. "ನಿಮ್ಮ ಸಾಲ್ಯಾಗ ನಿಂತೈತಿ, ನಮ್ಮನಿಯಾಗ ನಿಲ್ಲಂಗಿಲ್ಲ" ಅಂದಳು. ಅವಳ ಮನೆಯ ಪಡಸಾಲೆಯಲ್ಲೂ ನಿಲ್ಲಿಸಬೇಕಾಯಿತು.

ಸಿಗ್ನಲ್ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಬೇಕಾದ್ದನ್ನು ಮನೆಯಲ್ಲೇ ಇಳಿಸಿಕೊಂಡು ಹೋಗುತ್ತೇನೆ. ಪರದೆಯ ಮೇಲೆಯೇ ಮಾಡಿ ನೋಡುವ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಕಸದಿಂದ ಆಟಿಕೆ ಮಾಡುವುದನ್ನು ಕಲಿಸುವ ಅರವಿಂದ ಗುಪ್ತ ಅವರ ಜಾಲತಾಣವಂತೂ ಮುಗಿಯದ ಚೀಲ. ಸೈಕಲ್ಲಿನ ವಾಲ್ ಟ್ಯೂಬ್ ಮತ್ತು ಬೆಂಕಿಕಡ್ಡಿ ಇದ್ದರೆ ಒಂದು ವಾರದ ಕೆಲಸ ಸಿಗುತ್ತದೆ.

ಈಗ ನಮ್ಮ ಕಣ್ಣು ಶೂನ್ಯ ನೆರಳಿನ ದಿನದ ಮೇಲಿದೆ. ಕೊಪ್ಪಳದ ಮೇಲೆ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಎರಡನೇ ವಾರ ಇನ್ನೊಮ್ಮೆ. ಹನ್ನೆರಡು ಗಂಟೆಗಲ್ಲ, ಅದು ಕಳೆದು ಇಪ್ಪತ್ತು ಮೂವತ್ತು ನಿಮಿಷಕ್ಕೆ. ನಮ್ಮ ಗಡಿಯಾರ ಮಿರ್ಜಾಪುರದ ಹತ್ತಿರದ ರೇಖೆಗೆ ಹೊಂದಿಸಿದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಅದಕ್ಕೇ ಈ ತಡ. ತೊಂದರೆ ಏನೆಂದರೆ ಆಗಸ್ಟಿನಲ್ಲಿ ಮೋಡ, ಮೇನಲ್ಲಿ ರಜೆ. ಮೇ ತಿಂಗಳದ್ದನ್ನು ಮಕ್ಕಳು ತಮ್ಮ ಮನೆಯ ಮಾಳಿಗೆ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ ನೋಡಿ, ಹತ್ತತ್ತು ನಿಮಿಷಕ್ಕೊಂದು ಫೋಟೋ ಕಳಿಸಬೇಕು ಅಂತ ಮಾತಾಗಿದೆ. ಲೋಟ ಬಿಸಿಲಿಗೆ ಕಾದಿರುತ್ತದೆ, ಬಟ್ಟೆ ಹಿಡಿದು ಮುಟ್ಟಿ ಅಂತ ಹೇಳಿದ್ದೇನೆ.