ಕಾಸಾಲೆಯ ನೆಲ ನೋಡಲು ಎರಡು ಸಲ ಹೋದೆ

ಇಟಲಿಯ ಸಿಸಿಲಿ ದ್ವೀಪದ ಒಳನಾಡಿನಲ್ಲಿ ಪಿಯಾತ್ಸಾ ಆರ್ಮೆರಿನಾ ಅಂತ ಗುಡ್ಡದ ಮೇಲಿನ ಒಂದು ಊರು. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಇಳಿದರೆ ಕಣಿವೆಯಲ್ಲಿ ವಿಲ್ಲಾ ರೊಮಾನಾ ದೆಲ್ ಕಾಸಾಲೆ. ಕ್ರಿ.ಶ. 4ನೇ ಶತಮಾನದ ಮೊದಲ ಭಾಗದಲ್ಲಿ ಯಾರೋ ಭಾರೀ ಕುಳ ಕಟ್ಟಿಸಿದ ಹಳ್ಳಿಮನೆ. ಹಳ್ಳಿಮನೆ ಅಂದೆ, ಆದರೆ ನೆಲದ ಚಿತ್ತಾರವೇ ಸುಮಾರು 3,500 ಚದರ ಮೀಟರ್. ಮೊಸಾಯಿಕ್ ಅಂದ ಕೂಡಲೇ ನಮಗೆ ಸಿಮೆಂಟಿಗೆ ಕಲ್ಲುಚೂರು ಕಲಸಿ ಪಾಲಿಶ್ ಹೊಡೆಸಿದ ಹಳೇ ಮನೆಗಳ ನೆಲ ನೆನಪಾಗುತ್ತದಲ್ಲ, ಇದು ಅದಲ್ಲ. ಉಗುರಿಗಿಂತ ಚಿಕ್ಕ ಬಣ್ಣದ ಕಲ್ಲುಗಳನ್ನು ಒಂದೊಂದಾಗಿ ಕೂರಿಸಿ ಬರೆದ ಚಿತ್ರಗಳು.

ಮೊದಲ ದಿನ ನಾನು ಮಾಡಿದ್ದೆಲ್ಲ ತಪ್ಪು. ಕತಾನಿಯಾದಿಂದ ಬಸ್ಸು ಹತ್ತಿ ಜುಲೈ ತಿಂಗಳ ನಡುಮಧ್ಯಾಹ್ನ ಹೋಗಿ ಇಳಿದೆ. ಚಿತ್ತಾರದ ಮೇಲೆ ಕಾಲಿಡುವ ಹಾಗಿಲ್ಲ. ಎತ್ತರದಲ್ಲಿ ಹಾಕಿದ ದಾರಿಯಲ್ಲಿ ನಡೆಯುತ್ತ ಕೆಳಗೆ ಬಗ್ಗಿ ನೋಡಬೇಕು. ಹಿಂದಿನಿಂದ ಜನ ತಳ್ಳುತ್ತಾರೆ. ನಾನೂ ಮೊಬೈಲ್ ಚಾಚಿ ಕ್ಲಿಕ್ಕಿಸುತ್ತ ಮುಕ್ಕಾಲು ಗಂಟೆಯಲ್ಲಿ ಹೊರಬಿದ್ದೆ. ರಾತ್ರಿ ನೋಡಿದರೆ ಅರ್ಧಕ್ಕರ್ಧ ಫೋಟೋಗಳಲ್ಲಿ ಚಿತ್ರ ತಲೆಕೆಳಗು.

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಹೋದೆ, ಹಕ್ಕಿ ನೋಡುವ ಸಣ್ಣ ದುರ್ಬೀನು ಹಿಡಿದು. ಇನ್ನೂ ಒಂದು ನಿಯಮ ಹಾಕಿಕೊಂಡೆ: ಯಾವ ಕೋಣೆಯಾದರೂ ಸರಿ, ಮೊದಲು ಅದರ ಬಾಗಿಲು ಎಲ್ಲಿತ್ತು ಅಂತ ಹುಡುಕುವುದು. ಆ ಕಾಲದ ಅತಿಥಿ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದ. ನಾವು ನಿಂತಿರುವುದು ಬೇರೆಲ್ಲೋ, ಅದೂ ಮೇಲೆ. ಅವನ ಜಾಗದಿಂದ ಓದಿಕೊಂಡರೆ ಕೋಣೆ ತಾನಾಗಿ ಅರ್ಥವಾಗುತ್ತದೆ.

ಎಲ್ಲರೂ ಮುಗಿಬೀಳುವುದು ಬಿಕಿನಿ ಹುಡುಗಿಯರ ಕೋಣೆಗೆ. ಹತ್ತು ಹುಡುಗಿಯರು: ಒಬ್ಬಳ ಕೈಯಲ್ಲಿ ಡಂಬೆಲ್, ಒಬ್ಬಳದು ಚಕ್ರ ಎಸೆತ, ಇಬ್ಬರು ಚೆಂಡಾಡುತ್ತಿದ್ದಾರೆ, ಗೆದ್ದವಳಿಗೆ ಕಿರೀಟ. ಅದು ಈಜುಡುಗೆಯಲ್ಲ, ಆಟದ ಉಡುಪು. ಬಿಕಿನಿ ಎಂಬ ಹೆಸರು ಹುಟ್ಟಿದ್ದೇ 1946ರಲ್ಲಿ. ನನಗೆ ಅವರಿಗಿಂತ ಹೆಚ್ಚು ಹಿಡಿಸಿದ್ದು ಕೋಣೆಯ ಒಂದು ಮೂಲೆ. ಅಲ್ಲಿ ಮೇಲ್ಪದರ ಕಿತ್ತುಹೋಗಿ ಕೆಳಗಿನ ಹಳೆಯ ಜ್ಯಾಮಿತಿ ವಿನ್ಯಾಸ ಇಣುಕುತ್ತದೆ. ಅಂದರೆ ಮೊದಲಿದ್ದ ನೆಲದ ಮೇಲೇ ಹೊಸದನ್ನು ಹಾಸಿದ್ದಾರೆ, ನಾವು ರೆಡ್ ಆಕ್ಸೈಡ್ ಮೇಲೆ ಟೈಲ್ಸ್ ಹಾಕಿಸುವ ಹಾಗೆ.

ಒಂದು ಕೋಣೆಯಲ್ಲಿ ಯುಲಿಸಿಸ್ ರಾಕ್ಷಸ ಪಾಲಿಫೀಮಸ್‌ಗೆ ದ್ರಾಕ್ಷಾರಸ ಕೊಡುತ್ತಿದ್ದಾನೆ. ಗ್ರೀಕ್ ಕಥೆಯಲ್ಲಿ ಈ ರಾಕ್ಷಸ ಒಕ್ಕಣ್ಣ. ಇಲ್ಲಿ ಮುಕ್ಕಣ್ಣ! ಹಣೆಯಲ್ಲೊಂದು ಕಣ್ಣು ಬರೆದು, ಉಳಿದೆರಡನ್ನೂ ಬಿಟ್ಟಿಲ್ಲ.

ನನ್ನ ಹೆಚ್ಚಿನ ಹೊತ್ತು ಹೋದದ್ದು ಮಹಾಬೇಟೆಯ ಪಡಸಾಲೆಯಲ್ಲಿ. 60 ಮೀಟರಿಗೂ ಉದ್ದ. ರೋಮಿನ ಅಖಾಡಗಳಿಗಾಗಿ ಪ್ರಾಣಿಗಳನ್ನು ಜೀವಂತ ಹಿಡಿಯುವ ಚಿತ್ರ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಗೊಂದಲವಾಗುತ್ತದೆ, ಮೊದಲ ದಿನ ನನಗೆ ಆಗಿದ್ದೇ ಅದು. ನಡುಮಧ್ಯಕ್ಕೆ ಹೋಗಿ ನಿಂತಾಗ ಸರಿಹೋಯಿತು: ಎರಡೂ ಕಡೆಯಿಂದ ಪ್ರಾಣಿಗಳನ್ನು ಹಡಗಿಗೆ ಹತ್ತಿಸಿ ನಡುವಿನ ನೆಲಕ್ಕೆ ತಂದು ಇಳಿಸುತ್ತಿದ್ದಾರೆ. ಉಷ್ಟ್ರಪಕ್ಷಿಗಳನ್ನು ಅಪ್ಪಿಕೊಂಡು ಹಲಗೆ ಏರುವ ಆಳುಗಳು, ಕೆಸರಿನಿಂದ ಹಗ್ಗ ಕಟ್ಟಿ ಎಳೆಸಿಕೊಳ್ಳುವ ಘೇಂಡಾಮೃಗ. ಆನೆಯನ್ನೂ ಸರಪಳಿ ಹಾಕಿ ಹಡಗಿಗೆ ಹತ್ತಿಸಿದ್ದಾರೆ. ನಮ್ಮಜ್ಜ ಕಾಕನಕೋಟೆಯ ಖೆಡ್ಡಾ ನೋಡಿದವರು; ಹಿಡಿದ ಆನೆ ಮೊದಲು ಸೋಲುವುದು ಕಾಲಿನಲ್ಲಿ ಅನ್ನುತ್ತಿದ್ದರು. ದುರ್ಬೀನಿನಲ್ಲಿ ನಾನು ಹುಡುಕಿದ್ದು ಆ ಆನೆಯ ಕಾಲನ್ನೇ.

ಬಲತುದಿಯ ಅರ್ಧವೃತ್ತದಲ್ಲಿ ಒಬ್ಬಳು ಹೆಣ್ಣು ಕೂತಿದ್ದಾಳೆ. ಕೈಯಲ್ಲಿ ಆನೆದಂತ, ಒಂದು ಕಡೆ ಆನೆ, ಇನ್ನೊಂದು ಕಡೆ ಹುಲಿ, ಜೊತೆಗೆ ಫೀನಿಕ್ಸ್ ಹಕ್ಕಿ. ಇವಳು ಹೆಣ್ಣಿನ ರೂಪದಲ್ಲಿ ಬರೆದ ಭಾರತ ಅನ್ನುವ ವಿದ್ವಾಂಸರಿದ್ದಾರೆ, ಆಫ್ರಿಕಾ ಅನ್ನುವವರೂ ಇದ್ದಾರೆ. ಆಫ್ರಿಕಾದಲ್ಲಿ ಹುಲಿ ಎಲ್ಲಿಂದ ಬರಬೇಕು? ನನ್ನ ಓಟು ಭಾರತಕ್ಕೆ. ಅಲ್ಲೇ ಹತ್ತಿರ ತಾಯಿಹುಲಿಯೊಂದು ಗಾಜಿನ ಗೋಳದ ಮುಂದೆ ಮೋಸ ಹೋಗುತ್ತಿದೆ. ಮರಿ ಕದ್ದವನು ಓಡುತ್ತ ಗೋಳ ಎಸೆದರೆ, ಅದರಲ್ಲಿ ತನ್ನದೇ ಬಿಂಬ ಕಂಡು ಮರಿಯೆಂದು ನಿಲ್ಲುತ್ತದೆ ಅನ್ನುವುದು ಆಗಿನವರ ನಂಬಿಕೆ.

ಇಷ್ಟೆಲ್ಲ ಉಳಿದದ್ದು ಕೆಸರಿನ ದಯೆಯಿಂದ. 12ನೇ ಶತಮಾನದಲ್ಲಿ ಗುಡ್ಡ ಕುಸಿದು ಮುಚ್ಚಿಹಾಕಿತು. ದೊಡ್ಡ ಉತ್ಖನನ 1950ರ ದಶಕದಲ್ಲಿ ಜಿನೊ ವಿನಿಚಿಯೊ ಜೆಂಟಿಲಿ ಅವರದು. ಆಗ ಹೊದಿಸಿದ ಪಾರದರ್ಶಕ ಪ್ಲಾಸ್ಟಿಕ್ ಮಾಡು ಒಳಗೆಲ್ಲ ಬಿಸಿ ತುಂಬಿ ಚಿತ್ತಾರಕ್ಕೇ ಕುತ್ತಾಯಿತಂತೆ, ಈಗಿರುವುದು ಬೇರೆ ಮಾಡು. 1997ರಿಂದ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ.

ಹೊರಡುವ ಮುಂಚೆ ಗ್ರಿಫಿನ್ ನೋಡಿಬರೋಣ ಅಂತ ಪಡಸಾಲೆಗೆ ವಾಪಸ್ ಹೋದೆ. ಹದ್ದಿನ ಕೊಕ್ಕಿನ, ಸಿಂಹದ ಮೈಯ ಆ ಪ್ರಾಣಿ ಒಂದು ಮರದ ಪೆಟ್ಟಿಗೆಯನ್ನು ಉಗುರಲ್ಲಿ ಅಮುಕಿ ಹಿಡಿದಿದೆ. ಬರೀ ಕಣ್ಣಿಗೆ ಪೆಟ್ಟಿಗೆಯಷ್ಟೇ ಕಂಡಿತ್ತು. ದುರ್ಬೀನು ತಿರುಗಿಸಿ ಸರಿಮಾಡಿದೆ, ಪೆಟ್ಟಿಗೆಯ ಸಂದಿನಲ್ಲಿ ಮನುಷ್ಯನ ಮುಖ. ಊರಿಗೆ ಹತ್ತುವ ಬಸ್ಸು ತಪ್ಪಿದ್ದು ಅವನಿಂದಲೇ.