ಹಾಡು ಓಡುತ್ತಿದೆ, ಸದ್ದೇ ಇಲ್ಲ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವುದು ಹೇಗೆ?

ಪ್ಲೇಯರ್‌ನಲ್ಲಿ ಹಾಡಿನ ಸಮಯ ಮುಂದಕ್ಕೆ ಸರಿಯುತ್ತಿರುತ್ತದೆ, ಸ್ಪೀಕರ್ ಮಾತ್ರ ಸುಮ್ಮನಿರುತ್ತದೆ. ಇಲ್ಲವೇ ಸದ್ದು ಬರುತ್ತದೆ, ಆದರೆ ಒಡೆದು ಕರಕರ ಎನ್ನುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಪ್ಲೇಯರನ್ನೇ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಅದರಿಂದ ಪ್ರಯೋಜನವಾಗುವುದು ಕಡಿಮೆ. ಪ್ಲೇಯರ್ ತೆಗೆದರೂ ಅದರ ಸೆಟಿಂಗ್‌ಗಳು ಬಳಕೆದಾರರ ಫೋಲ್ಡರ್‌ನಲ್ಲಿ ಉಳಿದುಕೊಳ್ಳುವುದುಂಟು. ಹೊಸದಾಗಿ ಹಾಕಿದ ಪ್ಲೇಯರ್ ಅವನ್ನೇ ಓದಿಕೊಂಡು ಹಳೆಯ ತಪ್ಪನ್ನೇ ಮುಂದುವರಿಸುತ್ತದೆ.

ಹಾಡು ಕಿವಿಗೆ ಬೀಳುವ ಮುನ್ನ ಐದು ಕಡೆ ಹಾದು ಬರುತ್ತದೆ: ಫೈಲು, ಪ್ಲೇಯರ್, ಆಪರೇಟಿಂಗ್ ಸಿಸ್ಟಂನ ಮಿಕ್ಸರ್ (ಎಲ್ಲ ತಂತ್ರಾಂಶಗಳ ಸದ್ದನ್ನು ಒಟ್ಟುಗೂಡಿಸುವ ಭಾಗ), ಡ್ರೈವರ್ (ಸೌಂಡ್ ಸಾಧನವನ್ನು ನಡೆಸುವ ತಂತ್ರಾಂಶ), ಕೊನೆಗೆ ಸ್ಪೀಕರ್ ಅಥವಾ ಹೆಡ್‌ಫೋನ್. ರಿಪೇರಿಗಿಂತ ಮೊದಲು ದೋಷದ ಜಾಗ ಗೊತ್ತಾಗಬೇಕು. ಅದಕ್ಕೆ ಮೂರು ಪರೀಕ್ಷೆ ಸಾಕು. ಅದೇ ಪ್ಲೇಯರ್‌ನಲ್ಲಿ ಬೇರೆ ಹಾಡು ಹಾಕಿ. ಅದು ಸರಿಯಾಗಿ ಕೇಳಿದರೆ ದೋಷ ಫೈಲಿನದು. ಅದೇ ಹಾಡನ್ನು ಬೇರೆ ಪ್ಲೇಯರ್‌ನಲ್ಲಿ ಹಾಕಿ. ಅಲ್ಲಿ ಸರಿಯಿದ್ದರೆ ಮೊದಲಿನ ಪ್ಲೇಯರ್‌ನ ಸೆಟಿಂಗ್ ನೋಡಬೇಕು. ಎರಡರಲ್ಲೂ ಸದ್ದಿಲ್ಲವಾದರೆ ಬೇರೊಂದು ಹೆಡ್‌ಫೋನ್ ಸಿಕ್ಕಿಸಿ. ಆಗಲೂ ಮೌನವೆಂದರೆ ತೊಂದರೆ ಮಿಕ್ಸರ್ ಅಥವಾ ಡ್ರೈವರ್‌ನಲ್ಲಿದೆ.

ಸದ್ದೇ ಇಲ್ಲದಿದ್ದರೆ

ವಿಂಡೋಸ್‌ನಲ್ಲಿ ಒಟ್ಟು ವಾಲ್ಯೂಮ್ ಬೇರೆ, ಒಂದೊಂದು ತಂತ್ರಾಂಶದ ವಾಲ್ಯೂಮ್ ಬೇರೆ. ಟಾಸ್ಕ್‌ಬಾರ್‌ನ ಸ್ಪೀಕರ್ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ ವಾಲ್ಯೂಮ್ ಮಿಕ್ಸರ್ ತೆರೆಯಿರಿ. ಪ್ಲೇಯರ್ ಅಲ್ಲಿ ಕಾಣಿಸಬೇಕಾದರೆ ಹಾಡು ಓಡುತ್ತಿರಬೇಕು. ಅದರ ಪಟ್ಟಿ ಸೊನ್ನೆಯಲ್ಲಿದೆಯೇ, ಮ್ಯೂಟ್ ಆಗಿದೆಯೇ ನೋಡಿ. ವಿಂಡೋಸ್ 11ರಲ್ಲಿ ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಔಟ್‌ಪುಟ್ ಸಾಧನವನ್ನೂ ಇಲ್ಲೇ ಆರಿಸಬಹುದು. ಹಿಂದೊಮ್ಮೆ ಜೋಡಿಸಿದ್ದ ಬ್ಲೂಟೂತ್ ಸ್ಪೀಕರ್ ಆಯ್ಕೆಯಾಗಿಯೇ ಉಳಿದಿದ್ದರೆ ಅದನ್ನು ‘ಡಿಫಾಲ್ಟ್’ಗೆ ಬದಲಿಸಿ.

ಮೌನಕ್ಕೆ ಇನ್ನೊಂದು ಸಾಮಾನ್ಯ ಕಾರಣ ಎಚ್‌ಡಿಎಂಐ ಕೇಬಲ್. ಮಾನಿಟರ್ ಜೋಡಿಸಿದ ಕೂಡಲೇ ಕಂಪ್ಯೂಟರ್ ಸದ್ದನ್ನೂ ಅದಕ್ಕೇ ಕಳಿಸಲು ಶುರುಮಾಡಬಹುದು. ಮಾನಿಟರ್‌ಗೆ ಸ್ಪೀಕರ್ ಇಲ್ಲದಿದ್ದರೆ ಸದ್ದು ಅಲ್ಲೇ ಕಳೆದುಹೋಗುತ್ತದೆ. ಸೌಂಡ್ ಸೆಟಿಂಗ್ಸ್‌ನ ಔಟ್‌ಪುಟ್ ಪಟ್ಟಿಯಲ್ಲಿ ನಿಮ್ಮ ಸ್ಪೀಕರನ್ನು ಮತ್ತೆ ಆರಿಸಿದರೆ ಸರಿಹೋಗುತ್ತದೆ.

ಪ್ಲೇಯರ್‌ನೊಳಗೂ ಇಂಥದೇ ಆಯ್ಕೆ ಇರುತ್ತದೆ. ಉದಾಹರಣೆಗೆ, ವಿಎಲ್‌ಸಿ (VLC) ಎಂಬ ಪ್ಲೇಯರ್‌ನ ಆಡಿಯೊ ಮೆನುವಿನಲ್ಲಿ ಆಡಿಯೊ ಟ್ರ್ಯಾಕ್ ‘ಡಿಸೇಬಲ್’ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಂತರ ಅಲ್ಲೇ ಇರುವ ಆಡಿಯೊ ಡಿವೈಸ್ ನೋಡಿ. ಅದೂ ಸರಿಯಿದ್ದರೆ ಟೂಲ್ಸ್, ಪ್ರಿಫರೆನ್ಸಸ್, ಆಡಿಯೊ ಎಂದು ಸಾಗಿ ಔಟ್‌ಪುಟ್ ಮಾಡ್ಯೂಲನ್ನು ‘ಆಟೋಮ್ಯಾಟಿಕ್’ಗೆ ತನ್ನಿ. ಏನೇನು ಬದಲಿಸಿದ್ದೀರೆಂದು ನೆನಪಿಲ್ಲದಿದ್ದರೆ ಅದೇ ಪುಟದ ‘ರೀಸೆಟ್ ಪ್ರಿಫರೆನ್ಸಸ್’ ಒತ್ತುವುದು ಮರು ಇನ್‌ಸ್ಟಾಲ್‌ಗಿಂತ ಒಳ್ಳೆಯ ದಾರಿ.

ಒಂದು ಪ್ಲೇಯರ್ ಓಡುತ್ತಿರುವಾಗ ಉಳಿದೆಲ್ಲವೂ ಮೌನವಾದರೆ ಅದು ‘ಎಕ್ಸ್‌ಕ್ಲೂಸಿವ್ ಮೋಡ್’ ಪರಿಣಾಮ. ಮಿಕ್ಸರ್ ದಾಟಿ ಸಾಧನವನ್ನು ಒಂದೇ ತಂತ್ರಾಂಶ ಹಿಡಿದಿಟ್ಟುಕೊಳ್ಳಲು ಇದು ಅವಕಾಶ ಕೊಡುತ್ತದೆ. ಪ್ಲೇಯರ್‌ನ ಔಟ್‌ಪುಟ್ ಸೆಟಿಂಗ್‌ನಲ್ಲೇ ಇದನ್ನು ಆಫ್ ಮಾಡಬಹುದು, ಅಥವಾ ಸ್ಪೀಕರ್‌ನ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್‌ಡ್ ಟ್ಯಾಬ್ ತೆರೆದು ಅದರ ಗುರುತು ತೆಗೆಯಬಹುದು.

ಮ್ಯಾಕ್‌ನಲ್ಲಿ ಎಲ್ಲ ಸರಿಯಿದ್ದೂ ಸದ್ದಿಲ್ಲದಿದ್ದರೆ ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ ಸದ್ದನ್ನು ನಿಭಾಯಿಸುವ ‘ಕೋರ್‌ಆಡಿಯೊಡಿ’ (coreaudiod) ಹುಡುಕಿ ನಿಲ್ಲಿಸಿ. ಅದು ತಾನಾಗಿ ಮತ್ತೆ ಶುರುವಾಗುತ್ತದೆ. ಲಿನಕ್ಸ್‌ನವರು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer) ಎಂಬ ವಾಲ್ಯೂಮ್ ತಂತ್ರಾಂಶ ತೆರೆದರೆ ಪ್ರತಿ ಪಟ್ಟಿಯ ಕೆಳಗೆ ಎರಡು ಅಕ್ಷರ ಕಾಣುತ್ತವೆ. ‘ಎಂಎಂ’ (MM) ಎಂದಿದ್ದರೆ ಆ ಚಾನೆಲ್ ಮ್ಯೂಟ್ ಆಗಿದೆ. ಅದನ್ನು ಆರಿಸಿ ‘ಎಂ’ ಕೀ ಒತ್ತಿ.

ಸದ್ದು ಕೆಟ್ಟು ಕೇಳಿದರೆ

ಇಲ್ಲಿ ಕಿವಿಯೇ ದೊಡ್ಡ ಉಪಕರಣ. ಸದ್ದು ಯಾವ ರೀತಿ ಕೆಟ್ಟಿದೆ ಎನ್ನುವುದರಲ್ಲೇ ಕಾರಣದ ಸುಳಿವಿರುತ್ತದೆ.

ಜೋರಾದ ಜಾಗದಲ್ಲಷ್ಟೇ ಒಡೆದರೆ ಕ್ಲಿಪಿಂಗ್ ಎಂದು ತಿಳಿಯಿರಿ. 16 ಬಿಟ್ ಆಡಿಯೊದಲ್ಲಿ ಅಲೆಯ ಎತ್ತರಕ್ಕೆ 32,767ರ ಮಿತಿ ಇದೆ. ಅದನ್ನು ಮೀರಿದ ಭಾಗದ ತುದಿ ಕತ್ತರಿಸಿ ಹೋಗುತ್ತದೆ. ಈಕ್ವಲೈಜರ್‌ನಲ್ಲಿ (ದಪ್ಪ, ತೆಳು ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಸೌಲಭ್ಯ) ಬೇಸ್ ಅನ್ನು 6 ಡೆಸಿಬೆಲ್ ಏರಿಸಿದರೆ ಆ ಭಾಗದ ಅಲೆ ಸುಮಾರು ಎರಡು ಪಟ್ಟು ಎತ್ತರವಾಗುತ್ತದೆ. ಈಗಿನ ಹಾಡುಗಳು ಬಹುಪಾಲು ಮಿತಿಯ ಹತ್ತಿರವೇ ತಯಾರಾಗಿರುವುದರಿಂದ ಅಷ್ಟು ಏರಿಕೆಗೆ ಜಾಗವೇ ಇರುವುದಿಲ್ಲ. ಹಾಗಾಗಿ ಯಾವ ಪಟ್ಟಿಯನ್ನು ಹೆಚ್ಚು ಏರಿಸಿದ್ದೀರೋ, ಈಕ್ವಲೈಜರ್‌ನ ಒಟ್ಟು ಮಟ್ಟವಾದ ಪ್ರೀಆಂಪ್ ಅನ್ನು ಅಷ್ಟೇ ಇಳಿಸಿ: +6 ಇದ್ದರೆ ಪ್ರೀಆಂಪ್ -6. ಪ್ಲೇಯರ್‌ನ ವಾಲ್ಯೂಮ್ ನೂರು ಶೇಕಡಾ ದಾಟಿಸುವ ಸೌಲಭ್ಯವಿದ್ದರೂ ನೂರಕ್ಕೇ ನಿಲ್ಲಿಸಿ, ಬಾಕಿಯದನ್ನು ಸ್ಪೀಕರ್‌ನ ಗುಂಡಿಯಲ್ಲಿ ಹೆಚ್ಚಿಸಿಕೊಳ್ಳಿ.

ವಾದ್ಯಗಳು ಕೇಳಿಸುತ್ತವೆ, ಹಾಡುವವರ ದನಿ ಮಾತ್ರ ಎಲ್ಲೋ ದೂರದಲ್ಲಿ ಮಸುಕಾಗಿದೆ ಎಂದಾದರೆ 3.5 ಎಂಎಂ ಪಿನ್ ಪೂರ್ತಿ ಒಳಗೆ ಹೋಗಿಲ್ಲ, ಇಲ್ಲವೇ ಅದರ ಗ್ರೌಂಡ್ (ಎಡ ಬಲ ಎರಡಕ್ಕೂ ಒಂದೇ ಆದ ವಾಪಸು ತಂತಿ) ಸಂಪರ್ಕ ತಪ್ಪಿದೆ. ಗ್ರೌಂಡ್ ಇಲ್ಲದಾಗ ಎಡ ಬಲ ಚಾನೆಲ್‌ಗಳ ನಡುವಿನ ವ್ಯತ್ಯಾಸವಷ್ಟೇ ಕೇಳಿಸುತ್ತದೆ. ಗಾಯನ ಎರಡರಲ್ಲೂ ಸಮನಾಗಿರುವುದರಿಂದ ಅದು ಅಳಿಸಿಹೋಗುತ್ತದೆ. ಪಿನ್ ಒರೆಸಿ, ಟಕ್ ಎನ್ನುವವರೆಗೆ ಒತ್ತಿ. ಆಗಲೂ ಹಾಗೆಯೇ ಇದ್ದು ಹಾಡು 5.1 ಚಾನೆಲ್‌ನದಾಗಿದ್ದರೆ (ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆಂದು ಮಾಡಿದ್ದು) ಸ್ಪೀಕರ್ ಸೆಟಪ್ ನೋಡಿ. ಇರುವುದು ಎರಡೇ ಸ್ಪೀಕರ್, ಆಯ್ಕೆ ಮಾತ್ರ 5.1 ಎಂದಿದ್ದರೆ ಸೆಂಟರ್ ಚಾನೆಲ್‌ನ ದನಿ ಇಲ್ಲದ ಸ್ಪೀಕರ್‌ಗೆ ಹೋಗುತ್ತಿರುತ್ತದೆ. ಅದನ್ನು ಸ್ಟೀರಿಯೊಗೆ ಬದಲಿಸಿ.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಒಮ್ಮೆಲೇ ಹಳೆಯ ಟೆಲಿಫೋನ್‌ನಂತೆ ಕೇಳಿದರೆ ಯಾವುದೋ ತಂತ್ರಾಂಶ ಮೈಕ್ ಬಳಸುತ್ತಿದೆ ಎಂದರ್ಥ. ಮೈಕ್ ತೆರೆದಾಗ ಹೆಡ್‌ಸೆಟ್ ಸಂಗೀತದ ಪ್ರೊಫೈಲ್ ಬಿಟ್ಟು ಮಾತುಕತೆಯ ‘ಹ್ಯಾಂಡ್ಸ್-ಫ್ರೀ’ ಪ್ರೊಫೈಲ್‌ಗೆ ಹೋಗುತ್ತದೆ. ಸಾಮಾನ್ಯವಾಗಿ ಅಲ್ಲಿ ಸದ್ದು ಮೋನೊ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಬಾರಿ ಅಳೆಯಲಾಗುತ್ತದೆ ಎಂಬ ಲೆಕ್ಕ) 8 ಅಥವಾ 16 ಕಿಲೋಹರ್ಟ್ಸ್. ಸಿಡಿಯ ಮಟ್ಟ 44.1 ಕಿಲೋಹರ್ಟ್ಸ್ ಎಂಬುದನ್ನು ನೋಡಿದರೆ ಎಷ್ಟು ಕಳೆದುಹೋಯಿತು ಎಂದು ಅಂದಾಜಾಗುತ್ತದೆ. ಮೀಟಿಂಗ್ ತಂತ್ರಾಂಶ ಮುಚ್ಚಿ, ಅಥವಾ ಅದಕ್ಕೆ ಲ್ಯಾಪ್‌ಟಾಪ್‌ನದೇ ಮೈಕ್ ಕೊಡಿ.

ನಡುನಡುವೆ ಟಿಕ್ ಟಿಕ್ ಎನ್ನುತ್ತ ತುಂಡಾದರೆ ಬಫರ್, ಅಂದರೆ ನುಡಿಸುವ ಮುನ್ನ ಸದ್ದನ್ನು ಕೂಡಿಡುವ ತಾತ್ಕಾಲಿಕ ಜಾಗ, ಬರಿದಾಗುತ್ತಿದೆ. ಪ್ಲೇಯರ್‌ನ ಔಟ್‌ಪುಟ್ ಬಫರನ್ನು 1,000 ಮಿಲಿಸೆಕೆಂಡ್‌ಗೆ ಏರಿಸಿ. ಹಾಡು ಕೇಳಲು ಅಷ್ಟು ವಿಳಂಬದಿಂದ ಯಾವ ತೊಂದರೆಯೂ ಇಲ್ಲ. ಯುಎಸ್‌ಬಿ ಸೌಂಡ್ ಕಾರ್ಡ್ ಇದ್ದರೆ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರ್‌ಗೆ ಚುಚ್ಚಿ. ಬ್ಲೂಟೂತ್‌ನಲ್ಲಿ ತುಂಡಾಗುತ್ತಿದ್ದರೆ ಅದರ ಡಾಂಗಲ್ ಪಕ್ಕದಲ್ಲಿರುವ ಯುಎಸ್‌ಬಿ 3 ಡ್ರೈವನ್ನು ದೂರ ಸರಿಸಿ, ಅದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಎಬ್ಬಿಸಬಲ್ಲದು. ಒಂದೇ ಸಮನೆ ಗುಂಯ್‌ಗುಡುವ ಸದ್ದಿದ್ದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಕೇಳಿ. ಸದ್ದು ನಿಂತರೆ ಗ್ರೌಂಡ್ ಲೂಪ್ (ಗ್ರೌಂಡ್ ತಂತಿಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಕೂಡಿ ಹುಟ್ಟುವ ಗದ್ದಲ) ಎಂದರ್ಥ, ತಂತ್ರಾಂಶದಲ್ಲಿ ಅದಕ್ಕೆ ಮದ್ದಿಲ್ಲ.

ಇಷ್ಟಾದ ಮೇಲೆ ಡ್ರೈವರ್. ಮೊದಲು ಸ್ಪೀಕರ್‌ನ ಪ್ರಾಪರ್ಟೀಸ್‌ನಲ್ಲಿ ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಆಫ್ ಮಾಡಿ ಕೇಳಿ. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಸಾಧನದ ಪ್ರಾಪರ್ಟೀಸ್ ತೆರೆದು ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಗುಂಡಿ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ; ಕಂಪ್ಯೂಟರ್ ತಯಾರಕರ ತಾಣದಿಂದ ನಿಮ್ಮ ಮಾಡೆಲ್‌ನದನ್ನೇ ಇಳಿಸಿಕೊಂಡು ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ.